ಬೆಳಿಗ್ಗೆ ಮಾತ್ರ ನೋಡಿದ ಶುಗರ್

ಬೀಪ್ ಎಂಬ ಸಣ್ಣ ಸದ್ದು. ಮೂರು ವರ್ಷದ ಹಿಂದೆ, ಬಿಸಿಲು ಏರತೊಡಗಿದ ದಿನಗಳಲ್ಲಿ, ಚಿತ್ರದುರ್ಗದ ನಮ್ಮ ಮನೆ ಜಗಲಿಯಲ್ಲಿ ದಿನವೂ ಬೆಳಿಗ್ಗೆ ಅದು ಕೇಳುತ್ತಿತ್ತು. ಶುಗರ್ ನೋಡುವ ನನ್ನ ಪುಟ್ಟ ಮೀಟರಿನ ಸದ್ದು. ಎದುರಿಗೆ ಉಂಗುರದ ಬೆರಳು ಚಾಚಿ ಕೂತಿರುತ್ತಿದ್ದವಳು ಹಿಂದಿನ ಬೀದಿಯ ಗಂಗಮ್ಮ.

ಕಂಬಳಿ ನೇಯುವ ಮನೆಯವಳು. ಮೊದಲೇ ಸ್ವಲ್ಪ ಶುಗರ್ ಇತ್ತು. ಉಣ್ಣೆಯ ದೂಳು ಕುಡಿದು ಕುಡಿದು ಉಬ್ಬಸ ಬಲಿತಾಗ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ದಿನಾ ಬೆಳಿಗ್ಗೆ ತಿಂಡಿ ಆದಮೇಲೆ ನುಂಗಬೇಕು. ಚೀಟಿ ಇಂಗ್ಲಿಷಿನಲ್ಲಿತ್ತು. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿದ ನನ್ನ ಹತ್ತಿರ ತಂದಳು.

"ಶುಗರ್ ಏರಬಹುದಂತೆ. ಊಟದ ಮೇಲೂ ಚೆಕ್ ಮಾಡಬೇಕಂತೆ" ಎಂದೆ.

"ಹಂಗಾರೆ ಮಧ್ಯಾಹ್ನಾನೂ ಬರ್ಲೇನ್ರೀ ಟೀಚರಮ್ಮ?"

"ಬೇಡಮ್ಮ. ಬೆಳಿಗ್ಗೆ ಖಾಲಿ ಹೊಟ್ಟೆಯ ಫಾಸ್ಟಿಂಗೇ ಇಂಪಾರ್ಟೆಂಟ್. ಅದು ಸರಿಯಿದ್ದರೆ ಎಲ್ಲಾ ಸರಿ."

ಅಷ್ಟು ಖಾತ್ರಿಯಿಂದ ಹೇಳಿದೆ. ನಿಜವೆಂದರೆ, ಊಟವಾದ ಮೇಲೆ ಒಂದು ನ್ಯಾಪ್ ಆಗದಿದ್ದರೆ ನನಗೆ ತಲೆನೋವು.

ಬೆಳಗಿನ ಅಂಕಿ ಯಾವತ್ತೂ ಚೆನ್ನಾಗಿಯೇ ಬರುತ್ತಿತ್ತು.

"ಇವತ್ತೆಷ್ಟು ಮಾರ್ಕ್ಸ್ ಕೊಟ್ರಿ?"

"ನೂರಹತ್ತು."

"ನೂರಕ್ಕೆ ನೂರಹತ್ತಾ! ನಿಮ್ ಕಾನ್ವೆಂಟಿನಾಗೆ ಯಾವ ಹುಡ್ಗೀನಾದ್ರೂ ತಗಂಡಿದ್ಲಾ ಹೇಳ್ರಿ!"

ಇಬ್ಬರೂ ನಗುತ್ತಿದ್ದೆವು. ಹೊರಡುವ ಮುಂಚೆ ಒಂದು ಚೊಂಬು ನೀರು ಗಟಗಟ ಕುಡಿಯುತ್ತಿದ್ದಳು. ಆಮೇಲಾಮೇಲೆ ಎರಡು ಚೊಂಬು. "ರಾತ್ರಿ ಎದ್ದೆದ್ದು ಸಾಕಾತು" ಅನ್ನುತ್ತಿದ್ದಳು. ನಾನು ಎಲ್ಲವನ್ನೂ ಬಿಸಿಲಿನ ಮೇಲೆ ಹಾಕಿದೆ.

ಒಂದು ಮಧ್ಯಾಹ್ನ ಬಾಗಿಲು ದಬದಬ ಬಡಿದರು. ನಿದ್ದೆ ಕೆಟ್ಟಿತೆಂದು ಸಿಡುಕುತ್ತಲೇ ಎದ್ದೆ. ಗಂಗಮ್ಮನ ಸೊಸೆ.

"ಅತ್ತೆ ಏನೇನೋ ಮಾತಾಡ್ತೈತೆ, ಕಣ್ಣು ಬಿಡವಲ್ದು. ಬೇಗ ಬರ್ರಿ!"

ಮೀಟರ್, ದಿನದ ಅಂಕಿ ಬರೆದಿಡುವ ನೋಟ್‌ಬುಕ್ ಹಿಡಿದು ಓಡಿದೆ. ಮಗ್ಗದ ಪಕ್ಕ ಬಿದ್ದಿದ್ದಳು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬೆರಳು ಚುಚ್ಚಿದೆ. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ಅದರ ಅಳತೆಯನ್ನು ಮೀರಿತ್ತು. ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು.

ನಾನು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಡ್ಯೂಟಿ ಡಾಕ್ಟರ್ ತಿರುವಿದರು. ಚಿಕ್ಕ ಹುಡುಗಿ, ನನ್ನ ಸ್ಟೂಡೆಂಟ್ ಇರಬಹುದಾದ ವಯಸ್ಸು.

"ಎಲ್ಲಾ ಬೆಳಗಿನ ರೀಡಿಂಗೇ ಇದೆಯಲ್ಲ ಮೇಡಂ? ಈ ಮಾತ್ರೆ ಬೆಳಿಗ್ಗೆ ತಗೊಂಡರೆ ಶುಗರ್ ಏರೋದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತೆ. ಊಟದ ಮೇಲೆ ಯಾಕೆ ನೋಡಲಿಲ್ಲ?"

ನೋಟ್‌ಬುಕ್ಕನ್ನು ವಾಪಸು ಇಸಿದುಕೊಂಡು ಮುಚ್ಚಿದೆ. ಮಧ್ಯಾಹ್ನ ಬರಬೇಡವೆಂದದ್ದು ನಾನೇ ಎಂದು ಗಂಗಮ್ಮನ ಸೊಸೆಗೂ ಇವತ್ತಿನವರೆಗೆ ಹೇಳಿಲ್ಲ. "ನೀವಿದ್ದಿದ್ಕೆ ಅಷ್ಟಾದ್ರೂ ಆತು ಟೀಚರಮ್ಮ" ಎಂದು ಆಕೆ ಈಗಲೂ ಕೈ ಮುಗಿಯುತ್ತಾಳೆ. ಅದನ್ನು ತಡೆದುಕೊಳ್ಳುವುದು ಕಷ್ಟ. ಈಗ ನಾನು ಮಧ್ಯಾಹ್ನ ಮಲಗುವುದಿಲ್ಲ. ಮಲಗಿದರೂ ನಿದ್ದೆ ಬರುವುದಿಲ್ಲ.

ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ ಗಂಗಮ್ಮನನ್ನು ನೋಡಲು ಹೋಗಿದ್ದೆ. ಮಂಚದ ಪಕ್ಕ ಕೂತು ಅವಳ ಕೈ ಹಿಡಿದೆ. ಕಣ್ಣು ಮುಚ್ಚಿದ್ದಂತೆಯೇ ಉಂಗುರದ ಬೆರಳನ್ನು ನನ್ನ ಕಡೆ ಚಾಚಿದಳು.

"ಬೆಳಗಾತೇನ್ರೀ ಟೀಚರಮ್ಮ?"

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಹೊರಗೆ ರಣಬಿಸಿಲು.

"ಹೂಂ, ಬೆಳಗಾತು" ಎಂದು ಆ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮತ್ತೆ ಅವಳನ್ನು ನಾನು ಜೀವಂತವಾಗಿ ನೋಡಲಿಲ್ಲ.