ಬಾಗಿಲು ತಟ್ಟುವ ಸರದಿ

ನಾಲ್ಕು ಕೋಣೆಗಳಿಗೆ ಒಂದೇ ಬಚ್ಚಲು ಸಾಕೇ ಎಂದು ಯಾರನ್ನು ಬೇಕಾದರೂ ಕೇಳಿ, ಸಾಲದು ಎನ್ನುತ್ತಾರೆ. ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಹೊರಗೆ ನಿಂತವರಿಗೆ ತಾನೇ ಅದರ ಪಾಡು ಗೊತ್ತು? ಆದರೆ ಆ ಬಾಡಿಗೆ ಮನೆಯಲ್ಲಿ ಒಬ್ಬ ಮಾತ್ರ ಒಂದೇ ಸಾಕು ಎಂದು ಹಟ ಹಿಡಿದು ಕೂತಿದ್ದ. ಅವನನ್ನು ಎಲ್ಲರೂ ಲಿಫ್ಟ್ ಮಾಮ ಎಂದು ಕರೆಯುತ್ತಿದ್ದರು.

ಅವನದು ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವ ಕೆಲಸ. ಮೂಲೆಯ ಸ್ಟೂಲಿನ ಮೇಲೆ ಕೂತು ದಿನವಿಡೀ ಗುಂಡಿ ಒತ್ತಬೇಕು. ಒಳಗೆ ಬಂದವರು ‘ನಾಲ್ಕು’ ಎನ್ನುತ್ತಾರೆ, ‘ಏಳು’ ಎನ್ನುತ್ತಾರೆ, ಆಮೇಲೆ ಬಾಗಿಲಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಇಷ್ಟೊಂದು ಜನರ ಬೆನ್ನು ನೋಡಿದವನು ಇನ್ನೊಬ್ಬ ಇರಲಿಕ್ಕಿಲ್ಲ. ಹೆಂಡತಿ, ಮಕ್ಕಳು ಎಂಬ ಗೊಡವೆ ಇಲ್ಲ. ಅಕ್ಕ ಹೆಣ್ಣು ನೋಡಿದಾಗಲೆಲ್ಲ ಇವನು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ನೋಡೋಣ ನೋಡೋಣ ಎನ್ನುತ್ತಲೇ ತಲೆ ಬೆಳ್ಳಗಾಯಿತು. ಈಗ ಹೆಣ್ಣು ನೋಡುವ ಅಕ್ಕನೂ ಇಲ್ಲ.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಬಚ್ಚಲಿಗಾಗಿ ಕಿತ್ತಾಡಿ ಸುಸ್ತಾದ ಯಾರೋ ಹಳೆಯ ಬಾಡಿಗೆದಾರರು ಮಾಡಿಟ್ಟು ಹೋದದ್ದು. ಎದ್ದವರು ತಮ್ಮ ಬಕೆಟ್ಟನ್ನು ಬಚ್ಚಲಿನ ಮುಂದೆ ಸಾಲಿನಲ್ಲಿ ಇಟ್ಟು ಕೋಣೆಗೆ ವಾಪಸು ಹೋಗಬೇಕು. ಸ್ನಾನ ಮುಗಿಸಿ ಬಂದವರು ಮುಂದಿನ ಬಕೆಟ್ಟು ಯಾರದೆಂದು ನೋಡಿ ಅವರ ಬಾಗಿಲು ತಟ್ಟಬೇಕು. ಒಳಗಿನಿಂದ ‘ಬಂದೆ’ ಎಂಬ ಉತ್ತರ ಬರುವ ತನಕ ಅಲ್ಲಿಂದ ಕದಲುವಂತಿಲ್ಲ. ಉತ್ತರ ಬರದಿದ್ದರೆ ಅವರು ಮತ್ತೆ ಮುಸುಕು ಹೊದ್ದು ಮಲಗಿದ್ದಾರೆ ಎಂದೇ ಅರ್ಥ, ಸರದಿ ಕೆಟ್ಟಂತೆ.

ಮೊದಲನೆಯದು ಯಾವಾಗಲೂ ನರ್ಸ್ ಹುಡುಗಿಯ ಬಕೆಟ್ಟು. ಎರಡನೆಯದು, ಹಿಡಿ ಮುರಿದು ದಾರ ಕಟ್ಟಿದ ನೀಲಿ ಬಕೆಟ್ಟು, ಮಾಮನದು. ಆಮೇಲೆ ದರ್ಜಿ ಗಂಡ ಹೆಂಡತಿ. ಕೊನೆಗೆ ಕ್ಷೌರದಂಗಡಿಯವನು, ಅವನು ಅಂಗಡಿ ತೆರೆಯುವುದು ತಡವಾಗಿ, ಬಚ್ಚಲೊಳಗೆ ಹಾಡು ಶುರು ಮಾಡಿದನೆಂದರೆ ನೀರಿನ ತೊಟ್ಟಿ ಖಾಲಿಯಾಗುವವರೆಗೆ ನಿಲ್ಲಿಸುವವನಲ್ಲ. ನರ್ಸ್ ಹುಡುಗಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು, ‘ಮಾಮ, ಆಯ್ತು’ ಎಂದು ಬಾಗಿಲು ತಟ್ಟುತ್ತಿದ್ದಳು. ಮಾಮ ಅದಾಗಲೇ ಎದ್ದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿರುತ್ತಿದ್ದ. ಆದರೂ ತಟ್ಟುವುದನ್ನೇ ಕಾದು, ‘ಬಂದೆ’ ಎನ್ನುತ್ತಿದ್ದ. ಇಡೀ ದಿನದಲ್ಲಿ ಅವನನ್ನು ಹುಡುಕಿಕೊಂಡು ಬರುತ್ತಿದ್ದ ಮಾತು ಅದೊಂದೇ.

ಮಾಮನ ಅಕ್ಕ ಒಂಟಿಯಾಗಿದ್ದಳು. ಚೊಕ್ಕ ಮನೆ, ಮಲಗುವ ಕೋಣೆಗೇ ಸೇರಿದ ಬಚ್ಚಲು, ಯಾರ ಕಾಟವೂ ಇಲ್ಲ. ಒಂದು ಬೆಳಿಗ್ಗೆ ಅಲ್ಲೇ ಜಾರಿ ಬಿದ್ದಳು. ಹೊರಗೆ ಕಾಯುವವರು ಯಾರೂ ಇರಲಿಲ್ಲ, ಹಾಗಾಗಿ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಂತಿಯ ಮೇಲಿನ ಬಟ್ಟೆ ಮರುದಿನವೂ ಅಲ್ಲೇ ಇದೆಯಲ್ಲ ಎಂದು ಪಕ್ಕದ ಮನೆಯವರಿಗೆ ಅನುಮಾನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ನೋಡಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು. ಆಮೇಲೆ ಮಾಮ ತನ್ನ ಒಂಟಿ ಮನೆ ಬಿಟ್ಟು ಕೋಣೆ ಹುಡುಕತೊಡಗಿದ. ಇಲ್ಲಿ ಬಚ್ಚಲು ಒಂದೇ, ಕಷ್ಟವಾಗಬಹುದು ಎಂದು ದಲ್ಲಾಳಿ ಸಂಕೋಚದಿಂದ ಹೇಳಿದಾಗ, ಇವನು ಕೋಣೆಯನ್ನೂ ನೋಡದೆ ಒಪ್ಪಿಕೊಂಡ.

ಹೀಗಿರುವಾಗ ಮನೆಯೊಡತಿ ಒಂದು ಮಾತು ತೆಗೆದಳು. ಮೆಟ್ಟಿಲ ಪಕ್ಕದ ಉಗ್ರಾಣವನ್ನು ಇನ್ನೊಂದು ಬಚ್ಚಲು ಮಾಡಿಸುತ್ತೇನೆ, ಬಿಸಿನೀರೂ ಬರುತ್ತದೆ, ಬಾಡಿಗೆ ಸ್ವಲ್ಪ ಏರುತ್ತದೆ, ನಾಲ್ಕೂ ಕೋಣೆಯವರು ಒಪ್ಪಿದರೆ ಮಾತ್ರ. ಮೂರು ಕೋಣೆಯವರು ಕೇಳಿದ ಕ್ಷಣವೇ ತಲೆಯಾಡಿಸಿದರು. ಮಾಮ ಒಂದೇ ಸಾಕು ಎಂದ. ಜುಗ್ಗ ಮುದುಕ, ಹೋಗುವಾಗ ದುಡ್ಡು ಹೊತ್ಕೊಂಡು ಹೋಗ್ತಾನೇನೋ ಎಂದು ಕ್ಷೌರದಂಗಡಿಯವನು ಅವನಿಗೆ ಕೇಳುವ ಹಾಗೇ ಆಡಿಕೊಂಡ. ಮಾಮ ತನ್ನ ಬಕೆಟ್ಟಿನ ದಾರ ಬಿಗಿದು ಕಟ್ಟಿದ. ಬೆಳಿಗ್ಗೆ ಯಾರಾದರೂ ನನ್ನ ಬಾಗಿಲು ತಟ್ಟಬೇಕು, ಇಲ್ಲದಿದ್ದರೆ ಭಯವಾಗುತ್ತದೆ ಎಂದು ಈ ವಯಸ್ಸಿನಲ್ಲಿ ಯಾವ ಬಾಯಲ್ಲಿ ಹೇಳುವುದು?

ದರ್ಜಿಯ ಹೆಂಡತಿ ಬಸುರಿಯಾದಳು. ಒಂದು ಬೆಳಿಗ್ಗೆ ಕ್ಷೌರದಂಗಡಿಯವನು ಸರದಿ ತಪ್ಪಿಸಿ ಒಳಗೆ ನುಗ್ಗಿ ಹಾಡುತ್ತಿದ್ದಾಗ ಅವಳು ಹೊರಗೆ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ತಡೆಯಲಾಗದೆ ಅಲ್ಲೇ ವಾಂತಿ ಮಾಡಿಕೊಂಡಳು. ಎದುರಿಗಿದ್ದ ಮಾಮನನ್ನು ನೋಡಿ ನಾಚಿಕೆಯಿಂದ ಅತ್ತೇಬಿಟ್ಟಳು. ಮಾಮ ಅವಳನ್ನು ಕೂರಿಸಿ, ತನ್ನ ನೀಲಿ ಬಕೆಟ್ಟಿನ ನೀರಿನಿಂದ ನೆಲ ತೊಳೆದ. ಅಂದು ಸಂಜೆ ತಾನಾಗಿಯೇ ಮನೆಯೊಡತಿಯ ಬಳಿ ಹೋದ.

“ಕಟ್ಟಿಸಿಬಿಡಿ,” ಎಂದ. “ನಿಂತು ನಿಂತು ನನಗೂ ಕಾಲು ನೋವು.”

ಬಿಳಿ ಟೈಲ್ಸ್ ಹಾಕಿದ ಹೊಸ ಬಚ್ಚಲು ಬಂತು, ಬಕೆಟ್ಟಿನ ಸಾಲು ಹೋಯಿತು. ಬಾಗಿಲು ತಟ್ಟುವುದು ಬೇಡ ಎಂದು ಯಾರೂ ತೀರ್ಮಾನಿಸಲಿಲ್ಲ; ಕಾಯುವವರೇ ಇಲ್ಲದ ಮೇಲೆ ಕರೆಯುವುದು ಯಾರನ್ನು? ಮೊದಲ ದಿನ ಮಾಮ ಟವೆಲ್ ಹಾಕಿಕೊಂಡು ಕೂತೇ ಇದ್ದ. ಕಿಟಕಿಯ ಬಿಸಿಲು ಮಂಚದವರೆಗೆ ಬಂತು. ಎದ್ದು ಹೊರಗೆ ಬಂದರೆ ಎರಡೂ ಬಚ್ಚಲು ಖಾಲಿ, ಎರಡರ ಬಾಗಿಲೂ ತೆರೆದಿತ್ತು. ಸ್ನಾನ ಮುಗಿಸಿ ಅಭ್ಯಾಸಬಲದಿಂದ ದರ್ಜಿಯ ಬಾಗಿಲು ತಟ್ಟಿದರೆ, ಹೊಸದು ಖಾಲಿ ಇದೆಯಲ್ಲ ಮಾಮ, ನಮಗೇನೂ ಅವಸರವಿಲ್ಲ ಎಂದ ದರ್ಜಿ. ಆಮೇಲೆ ಮಾಮ ಯಾರ ಬಾಗಿಲನ್ನೂ ತಟ್ಟಲಿಲ್ಲ.

ಅವನಿಗೆ ಆ ಮನೆಯಲ್ಲಿ ಮೊದಲ ಬಾರಿ ಹೆದರಿಕೆಯಾಯಿತು. ಬಚ್ಚಲಿನ ಚಿಲಕ ಹಾಕುವುದನ್ನೇ ಬಿಟ್ಟ. ಒಂದು ದಿನವೆಲ್ಲ ಲಿಫ್ಟಿನಲ್ಲಿ, ಬೆನ್ನುಗಳ ಹಿಂದೆ ಕೂತು, ಮಾತು ಜೋಡಿಸಿಕೊಂಡ. ಸಂಜೆ ನರ್ಸ್ ಹುಡುಗಿ ಬಟ್ಟೆ ತೆಗೆಯಲು ಬಂದಾಗ ಧೈರ್ಯ ಮಾಡಿದ.

“ಅಮ್ಮಾ, ಬೆಳಿಗ್ಗೆ ಡ್ಯೂಟಿಗೆ ಹೋಗೋವಾಗ ನನ್ನ ಬಾಗಿಲು ಒಂದ್ಸಲ ತಟ್ಟಿ ಹೋಗ್ತೀಯಾ?”

“ಯಾಕೆ ಮಾಮ, ಎಚ್ಚರ ಆಗಲ್ವಾ?”

ಅಕ್ಕನ ವಿಷಯ ಹೇಳಬೇಕಾದದ್ದು ಆಗಲೇ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಕೈತುಂಬ ಬಟ್ಟೆ, ಮುಖದಲ್ಲಿ ದಣಿವು. ಹೂಂ ಕಣಮ್ಮ, ವಯಸ್ಸಾಯಿತಲ್ಲ ಎಂದುಬಿಟ್ಟ.

ಒಳ್ಳೆಯ ಹುಡುಗಿ ಅವಳು, ಎರಡು ಮಾತಿಲ್ಲ. ಮರುದಿನವೇ ಅಂಗಡಿಗೆ ಹೋಗಿ ಕೆಂಪು ಬಣ್ಣದ ಅಲಾರಂ ಗಡಿಯಾರವೊಂದನ್ನು ತಂದಳು. ದುಡ್ಡು ಕೊಡಲು ಹೋದರೆ ಬೈದಳು. ತಾನೇ ಹೊತ್ತು ಹೊಂದಿಸಿ, ಮೇಲಿನ ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂದು ತೋರಿಸಿಕೊಟ್ಟಳು. “ನಾನು ಮರೆತ್ರೂ ಇದು ಮರೆಯಲ್ಲ ಮಾಮ,” ಎಂದಳು. ಮಾಮ ಎರಡೂ ಕೈಯಲ್ಲಿ ಹಿಡಿದುಕೊಂಡು, ತುಂಬ ಚೆನ್ನಾಗಿದೆ ಎಂದ. ಅವಳು ಹೋದ ಮೇಲೆ ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ.

ಈಗಲೂ ಅಲಾರಂ ಹೊಡೆಯುವ ಮೊದಲೇ ಎದ್ದು, ಟವೆಲ್ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂರುತ್ತಾನೆ. ಗಡಿಯಾರ ಬಡಿದುಕೊಳ್ಳಲು ಶುರು ಮಾಡುತ್ತದೆ. ದಿನವಿಡೀ ಗುಂಡಿ ಒತ್ತುವ ಮನುಷ್ಯ, ಆ ಒಂದು ಗುಂಡಿಯನ್ನು ಮಾತ್ರ ಒತ್ತುವುದಿಲ್ಲ. ಅದು ಬಡಿದುಕೊಳ್ಳುತ್ತಲೇ ಇರುತ್ತದೆ. ಕೊನೆಗೆ ಪಕ್ಕದ ಕೋಣೆಯಿಂದ ಕ್ಷೌರದಂಗಡಿಯವನು ನಿದ್ದೆಗಣ್ಣಲ್ಲಿ ಶಪಿಸುತ್ತಾ ಎದ್ದು ಬಂದು, ಬಾಗಿಲು ಮುರಿದುಹೋಗುವಂತೆ ಬಡಿಯುತ್ತಾನೆ.

“ಮಾಮ, ಬದುಕಿದ್ದೀರೋ ಇಲ್ವೋ?”

“ಬಂದೆ,” ಎನ್ನುತ್ತಾನೆ ಲಿಫ್ಟ್ ಮಾಮ, ಆಮೇಲೆ ಗುಂಡಿ ಒತ್ತುತ್ತಾನೆ.