ಬ್ರೇಕಮ್ಮನ ನೀರಿನ ಬಾಟಲಿ

ಸೋಮವಾರದಿಂದ ಮಗಳ ಶಾಲಾ ವ್ಯಾನಿಗೆ ಹೊಸ ಡ್ರೈವರ್ ಬರುತ್ತಾನಂತೆ. ಗುರುವಾರ ಸಂಜೆ ಈ ಸುದ್ದಿ ಕಿವಿಗೆ ಬಿದ್ದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಾನು ಮೊದಲೇ ಪುಕ್ಕಲು ಸ್ವಭಾವದವಳು. ಮಗಳು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುತ್ತೇನೆ. "ಚಿಂತೆ ಇಲ್ಲ ಅಂದ್ರೆ ನಿಂಗೆ ಅದೇ ಒಂದು ಚಿಂತೆ" ಎಂದು ನನ್ನ ಗಂಡ ನಗುತ್ತಾರೆ. ಆದರೆ ಈ ಸಲದ್ದು ನಗುವ ಚಿಂತೆಯಲ್ಲ. ಹಳೆಯ ಡ್ರೈವರನ್ನು ತೆಗೆಯಿರಿ ಎಂಬ ದೂರಿನ ಕೆಳಗೆ ನನ್ನ ಹೆಬ್ಬೆರಳಿನ ಗುರುತೂ ಇದೆ.

ಆ ಹಳೆಯ ಡ್ರೈವರ್ ಐವತ್ತು ದಾಟಿದ ಹೆಂಗಸು. ಮಾತುಮಾತಿಗೂ ಬ್ರೇಕ್ ಒತ್ತುತ್ತಾರೆಂದು ನಾವು ತಾಯಂದಿರು ಇಟ್ಟ ಹೆಸರು ಬ್ರೇಕಮ್ಮ. ಅದು ಅವರಿಗೂ ಗೊತ್ತು. "ಆಕ್ಸಿಲೇಟರಮ್ಮ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ ಬಿಡಿ" ಎನ್ನುತ್ತಾರೆ.

ಮಗಳನ್ನು ಶಾಲೆಗೆ ಸೇರಿಸಿದ ಮೊದಲ ತಿಂಗಳು, ನಂಬಿಕೆ ಸಾಲದೆ, ನಾನೂ ದಿನಾ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಅವರ ಕಥೆ ಕೇಳಿದ್ದು ಆಗಲೇ, ಅದೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ತುಂಡುತುಂಡಾಗಿ. ಮೊದಲು ವ್ಯಾನ್ ಓಡಿಸುತ್ತಿದ್ದವರು ಅವರ ಗಂಡ. ಅವರ ಬೆನ್ನು ಕೈಕೊಟ್ಟಾಗ, ಮೂವತ್ತೇಳನೇ ವಯಸ್ಸಿನಲ್ಲಿ, ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಈಕೆ ಸ್ಟೇರಿಂಗ್ ಹಿಡಿದರು. ಲೈಸೆನ್ಸ್ ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಅಧಿಕಾರಿ, "ನೀನು ಗಾಡಿ ಓಡಿಸೋಕೆ ಹೋದ್ರೆ ಮನೇಲಿ ಒಲೆ ಹಚ್ಚೋರು ಯಾರಮ್ಮ?" ಎಂದು ಕೆಣಕಿದರಂತೆ. "ಗಾಡಿ ನಿಲ್ಲಿಸಿದ ಮೇಲೆ ಹೇಳ್ತೀನಿ ಸಾರ್. ಓಡಿಸುವಾಗ ಮಾತಾಡ್ಬಾರ್ದು ಅಂತ ನಿಮ್ಮ ಪುಸ್ತಕದಲ್ಲೇ ಇದೆ" ಎಂದರಂತೆ ಈಕೆ. ಆ ಸಲ ಅವರನ್ನು ಫೇಲು ಮಾಡಿದರು. ಮೂರನೇ ಸಲಕ್ಕೆ ಲೈಸೆನ್ಸ್ ಸಿಕ್ಕಿತು. ಹದಿನಾಲ್ಕು ವರ್ಷ ಇದೇ ರಸ್ತೆಯಲ್ಲಿ ಓಡಿಸಿದ್ದಾರೆ. ವ್ಯಾನಿಗೆ ಒಂದು ಗೀರೂ ಇಲ್ಲ.

ಅವರ ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿಯೊಂದು ಸದಾ ಇರುತ್ತದೆ. ಅದು ಕುಡಿಯಲಿಕ್ಕಲ್ಲ. ಬ್ರೇಕ್ ಒತ್ತಿದಾಗ ನೀರು ಒಮ್ಮೆ ಮುಂದಕ್ಕೆ ವಾಲಿ ಸುಮ್ಮನಾದರೆ ಗಾಡಿ ಸರಿಯಿದೆ ಎಂದರ್ಥ. ಬಳೆಬಳೆಯಾಗಿ ನಡುಗಿದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಬುಧವಾರ ವ್ಯಾನಿನ ಮಾಲೀಕರು ಟೈರ್ ಅಂಗಡಿಯಲ್ಲಿ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದ್ದರು. ವರ್ಷಕ್ಕೆರಡು ಸಲ ಮಾಡಿಸುವ ಮಾಮೂಲಿ ಕೆಲಸ. ಗುರುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬ್ರೇಕಮ್ಮ ಬ್ರೇಕ್ ಒತ್ತಿದರೆ ಬಾಟಲಿಯ ನೀರು ನಡುಗಿತು, ಸ್ಟೇರಿಂಗ್ ಕೈಯಲ್ಲಿ ಗಡಗಡ ಎಂದಿತು. ಇಳಿಜಾರು ಮುಗಿದಲ್ಲಿ, ಟೈಲರ್ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿ, ಮಕ್ಕಳನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಮನೆಮನೆಗೂ ಫೋನ್ ಮಾಡಿದರು: "ಮಕ್ಕಳು ಕ್ಷೇಮವಾಗಿದ್ದಾರೆ. ಗಾಡಿ ಸರಿಯಿಲ್ಲ. ಬಂದು ಕರ್ಕೊಂಡ್ ಹೋಗಿ."

"ಕ್ಷೇಮ" ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಆಟೋಗೆ ಕಾಯುವಾಗ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು: "ನಡುದಾರಿಯಲ್ಲಿ ಮಕ್ಕಳನ್ನು ಇಳಿಸುವ ಡ್ರೈವರ್ ನಮಗೆ ಬೇಡ." ಹಿಂದುಮುಂದು ನೋಡದೆ, ಹೌದು ಎನ್ನುವ ಹೆಬ್ಬೆರಳಿನ ಗುರುತು ಒತ್ತಿದೆ.

ನಾನು ಹೋದಾಗ ಮಕ್ಕಳು ಬಟ್ಟೆ ಚೂರುಗಳಲ್ಲಿ ಬೊಂಬೆ ಮಾಡುತ್ತಿದ್ದರು. ಮಾಲೀಕರು ಟೈರ್ ಅಂಗಡಿಯ ಮೆಕ್ಯಾನಿಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದರು.

"ಚಕ್ರದ ಬ್ಯಾಲೆನ್ಸ್ ಸ್ವಲ್ಪ ಹೋಗಿರ್ಬೇಕಷ್ಟೆ. ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದ ಮೆಕ್ಯಾನಿಕ್.

"ಬ್ಯಾಲೆನ್ಸ್ ಹೋಗಿದ್ರೆ ಸುಮ್ನೆ ಓಡುವಾಗ್ಲೂ ನಡುಗ್ಬೇಕಲ್ಲ ತಮ್ಮಾ? ಇದು ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತೆ. ಹಿಂದಿಂದಾಗಿದ್ರೆ ನನ್ನ ಸೀಟಿಗೆ ಗೊತ್ತಾಗ್ತಿತ್ತು. ಕೈಗೆ ಗೊತ್ತಾಗ್ತಿದೆ, ಅಂದ್ರೆ ಮುಂದಿನದೇ. ನಟ್ಟು ಬಿಗಿ ಮಾಡಿದ್ದು ಹೇಗೆ?" ಎಂದರು ಬ್ರೇಕಮ್ಮ.

ಅವನು ಮೂಗು ಮುರಿದು, ನಿಗದಿತ ಬಿಗಿ ಮುಟ್ಟಿದರೆ ಟಿಕ್ ಎನ್ನುವ ಅಳತೆಯ ಪಾನವನ್ನು, ಅಂದರೆ ಸ್ಪ್ಯಾನರನ್ನು, ಒಂದೊಂದೇ ನಟ್ಟಿಗೆ ಇಟ್ಟು ಒತ್ತಿದ. ಟಿಕ್. ಟಿಕ್. ಟಿಕ್. "ಕೇಳಿಸ್ತಾ? ಎಲ್ಲಾ ಸರಿಯಾಗಿದೆ."

ಬ್ರೇಕಮ್ಮ ನಕ್ಕರು. "ಹೊಟ್ಟೆ ಬಿರಿಯ ಉಂಡವನಿಗೆ ಇನ್ನೊಂದು ತುತ್ತು ಹಿಡಿದು ಸಾಕಾ ಅಂದ್ರೆ ಸಾಕು ಅಂತಾನೆ. ಎಷ್ಟು ಉಂಡಿದ್ದಾನೆ ಅಂತ ಅದ್ರಲ್ಲಿ ಗೊತ್ತಾಗುತ್ತಾ? ನಟ್ಟು ತಿರುಗಿಸೋ ಗಾಳಿ ಗನ್ನಲ್ಲಿ ಅತಿಯಾಗಿ ಬಿಗಿದಿದ್ದೀಯ. ಆಮೇಲೆ ಪಾನ ಇಟ್ರೆ ಟಿಕ್ ಅನ್ದೆ ಇನ್ನೇನನ್ನುತ್ತೆ? ಮೊದ್ಲು ಬಿಚ್ಚು."

"ಬಿಚ್ಚೋ ಅಗತ್ಯ ಇಲ್ಲಮ್ಮ."

ಅವರು ಸೆರಗು ಸಿಕ್ಕಿಸಿದರು. ಉದ್ದ ಹಿಡಿಯ ವೀಲ್ ಪಾನವನ್ನು ನಟ್ಟಿಗೆ ಕೊಟ್ಟು, ವ್ಯಾನಿನ ಅಂಚು ಹಿಡಿದು, ಹಿಡಿಯ ಮೇಲೆಯೇ ಹತ್ತಿ ನಿಂತರು. ಪಾನ ಅಲ್ಲಾಡಲಿಲ್ಲ. "ನೋಡಿ ಸಾರ್, ಎಪ್ಪತ್ತು ಕಿಲೋ ಹೆಂಗಸು ಮೇಲೆ ನಿಂತ್ರೂ ಜಗ್ಗಲ್ಲ" ಎನ್ನುತ್ತ ಕುಣಿದೇಬಿಟ್ಟರು. ಕಿರ್ರೆಂದು ಸಡಿಲವಾಯಿತು. ಪಕ್ಕದ ನಟ್ಟು ಮಾತ್ರ ಅರ್ಧ ಬಲಕ್ಕೇ ಬಂತು. ಒಂದು ಕಡೆ ಅತಿ, ಒಂದು ಕಡೆ ಮಿತಿ. ಜಾಕಿ ಏರಿಸಿ ಚಕ್ರ ತೆಗೆದರೆ, ಬ್ರೇಕಿನ ಡಿಸ್ಕಿಗೆ ಚಕ್ರ ಒತ್ತಿ ಕೂರುವ ಜಾಗದಲ್ಲಿ ಉಗುರಗಲದ ತುಕ್ಕಿನ ಹಕ್ಕಳೆ.

"ಇದನ್ನ ಒರೆಸ್ದೆ ಮೇಲಿಂದ ಬಿಗಿದ್ರೆ ಡಿಸ್ಕ್ ಓರೆ ತಿರುಗಿ ಬ್ರೇಕ್ ನಡುಗ್ದೆ ಇನ್ನೇನಾಗುತ್ತೆ?"

ಕೆರೆದರು, ಒರೆಸಿದರು. ಚಕ್ರ ಕೂರಿಸಿ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಕೊನೆಯ ಸುತ್ತಿಗೆ ಮಾತ್ರ ಮೆಕ್ಯಾನಿಕ್ಕನ ಅಳತೆ ಪಾನ ಕಸಿದುಕೊಂಡರು. ಇನ್ನೊಂದು ಮುಂಚಕ್ರಕ್ಕೂ ಇದೇ ಉಪಚಾರವಾಯಿತು. ಖಾಲಿ ವ್ಯಾನನ್ನು ಇಳಿಜಾರಿಗೆ ಒಯ್ಯುವಾಗ ಪಕ್ಕದಲ್ಲಿ ನಾನು ಕೂತೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಬ್ರೇಕ್ ಒತ್ತಿದರು. ನೀರು ಒಮ್ಮೆ ಮುಂದಕ್ಕೆ ವಾಲಿತು, ಸುಮ್ಮನಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಲೀಕರ ಮುಖ ಕಪ್ಪಿಟ್ಟಿತ್ತು. "ಬೀದೀಲಿ ನನ್ನ ಮಾನ ಕಳೆದ್ಯಲ್ಲಮ್ಮ. ಗಾಡಿ ನಂದು. ನಿಲ್ಲಿಸೋದು ಬಿಡೋದು ನಾನು ಹೇಳ್ಬೇಕು."

"ಗಾಡಿ ನಿಮ್ದೇ ಸಾರ್. ಒಳಗಿರೋ ಮಕ್ಕಳು ನಿಮ್ದಲ್ಲ."

"ಹನ್ನೊಂದು ಜನ ನೀನು ಬೇಡ ಅಂತ ಹೆಬ್ಬೆರಳು ಒತ್ತಿರೋ ದೂರು ನನ್ನ ಫೋನಿಗೆ ಬಂದಿದೆ. ಎಲ್ರ ಮುಂದೆ ತಪ್ಪಾಯ್ತು ಅನ್ನು, ನೋಡೋಣ."

"ತಪ್ಪಾಗಿದ್ರೆ ಕಾಲಿಗೂ ಬೀಳ್ತಿದ್ದೆ. ಬ್ರೇಕ್ ನಡುಗಿದ್ದಕ್ಕೆ ನಾನ್ಯಾಕೆ ನಡುಗ್ಲಿ?" ಕೀಲಿಯನ್ನು ಅವರ ಅಂಗೈಗಿಟ್ಟು, ತಮ್ಮ ಬಾಟಲಿ ತೆಗೆದುಕೊಂಡು ಬ್ರೇಕಮ್ಮ ನಡೆದುಬಿಟ್ಟರು.

ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ಹೆಬ್ಬೆರಳನ್ನು ಅಲ್ಲೇ ಹಿಂತೆಗೆಯಬಹುದಿತ್ತು. ಉಳಿದವರು ಏನಂದುಕೊಳ್ಳುತ್ತಾರೋ ಎಂದು ತೆಗೆಯಲಿಲ್ಲ. ಮೂರು ದಿನದಿಂದ ಅದೇ ಸಂಕಟ. ನಾನು ಯಾವ್ಯಾವುದಕ್ಕೋ ಹೆದರುತ್ತೇನೆ. ಆದರೆ ಹೆದರಬೇಕಾದಲ್ಲಿ ಹೆದರಿ ಗಾಡಿ ನಿಲ್ಲಿಸಿದ ಒಬ್ಬರೇ ಒಬ್ಬರನ್ನು ಕಳಿಸಿಬಿಟ್ಟೆವು.

ಈ ಬೆಳಿಗ್ಗೆ, ಭಾನುವಾರ, ಹೇಳಬೇಕಾದ್ದನ್ನು ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಂಡೆ. ಮೊದಲು ಗ್ರೂಪಿನಲ್ಲಿ ಹೆಬ್ಬೆರಳು ತೆಗೆದೆ. ಆಮೇಲೆ ಮಾಲೀಕರ ನಂಬರ್ ಒತ್ತಿದೆ. ಅವರು "ಹಲೋ" ಅಂದ ಕೂಡಲೇ ಬರೆದದ್ದೆಲ್ಲ ಮರೆತುಹೋಯಿತು.

"ಹನ್ನೊಂದು ಹೆಬ್ಬೆರಳಲ್ಲಿ ಒಂದು ನಂದಾಗಿತ್ತು. ತೆಗೆದಿದ್ದೀನಿ. ಹಳೇ ಡ್ರೈವರೇ ಬೇಕು."

"ಮೇಡಂ, ನಾಳೆಗೆ ಎಲ್ಲಾ ವ್ಯವಸ್ಥೆ ಆಗಿಹೋಗಿದೆ..."

"ಹಾಗಿದ್ರೆ ನಾಳೆ ನನ್ನ ಮಗಳು ನಿಮ್ಮ ವ್ಯಾನ್ ಹತ್ತಲ್ಲ. ನಾನು ಅಲ್ಲಿದ್ದೆ ಸಾರ್. ತುಕ್ಕು ನೋಡಿದ್ದೀನಿ, ನೀರೂ ನೋಡಿದ್ದೀನಿ. ಇನ್ನೂ ಹತ್ತು ಮನೆಗೆ ಫೋನ್ ಮಾಡಿ ಹೇಳೋದಿದೆ." ನನ್ನ ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. "ಮೊದಲನೇ ಫೋನು ನಿಮಗೇ ಮಾಡಿದ್ದೀನಿ."