ಅಡುಗೆಮನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ

ಮೊನ್ನೆ ಭಾನುವಾರ ಸಂಜೆ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. (ಹಿತುಕಿದ ಬೇಳೆ ಸಾರು ತಿನ್ನುವವರಿಗೆ ಸುಖ. ಹಿತುಕುವವಳ ಹೆಬ್ಬೆರಳನ್ನು ಯಾರೂ ಕೇಳುವುದಿಲ್ಲ.) ಪಕ್ಕದ ಮನೆಯ ರತ್ನಕ್ಕ ಗೇಟು ತಳ್ಳಿಕೊಂಡು ಬಂದಳು. ಕೂತುಕೋ ಅಂದರೂ ಕೂರಲಿಲ್ಲ.

"ನಿನ್ ಮಗ್ಳು ಪರೀಕ್ಷೇಲಿ ಏನೂ ಬರೀನಿಲ್ವಂತೆ ಕಣೆ. ಖಾಲಿ ಪೇಪರ್ ಕೊಟ್ಬುಟ್ಟು ಬಂದವ್ಳೆ ಅಂತ ನಮ್ ಕುಮಾರ ಯೋಳ್ತಾವ್ನೆ."

ಕೈಯಲ್ಲಿದ್ದ ಕಾಳು ಅಂಗಳಕ್ಕೆ ಹಾರಿತು.

ಏನೂ ಬರೆಯದೆ ಬರಲು ಅದು ಲೆಕ್ಕದ ಪರೀಕ್ಷೆಯಲ್ಲ. ಇಂಗ್ಲಿಷೂ ಅಲ್ಲ. ಡ್ರಾಯಿಂಗ್ ಪರೀಕ್ಷೆ. ಡ್ರಾಯಿಂಗ್ ಕ್ಲಾಸಿಗೆ ಸೇರಿದ ಎಂಟನೇ ಕ್ಲಾಸಿನ ಮಕ್ಕಳನ್ನೆಲ್ಲ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬೆಳಿಗ್ಗೆಯೇ ಬಸ್ಸಿನಲ್ಲಿ ಪಾಂಡವಪುರಕ್ಕೆ ಕರೆದುಕೊಂಡು ಹೋಗಿದ್ದರು. ಹೊರಡುವ ಮುಂಚೆ ದೇವರ ಗೂಡಿನ ನಿಮಿಷಾಂಬೆಗೆ ಅಡ್ಡ ಬೀಳಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸಿದ್ದೆ.

ನಮ್ಮ ಚಂದ್ರಿ ಚಿತ್ರ ಬರೆಯದೆ ಕೂತಳೆಂದರೆ ನಂಬುವುದು ಹೇಗೆ? ನೆಟ್ಟಗೆ ನಡೆಯಲು ಬರುವ ಮೊದಲೇ ಇದ್ದಲು ಹಿಡಿದ ಮಗು ಅದು. ಕೊಟ್ಟಿಗೆಯ ಗೋಡೆ ಮೇಲೆ ನಮ್ಮ ಎಮ್ಮೆಯನ್ನು ಬರೆದಿದ್ದಳು. ಹಾಲಿಗೆ ಬಂದವರು ಗೋಡೆ ನೋಡಿಯೇ, "ಇದು ಒದೆಯೋ ಎಮ್ಮೆ ಅಲ್ವಾ?" ಅನ್ನುತ್ತಿದ್ದರು.

ಈ ಪರೀಕ್ಷೆಯ ಮೇಲೆ ಮನೆಯಲ್ಲಿ ಒಂದು ಒಪ್ಪಂದವೂ ಆಗಿತ್ತು. ಪಾಸಾದರೆ ಡ್ರಾಯಿಂಗ್ ಕ್ಲಾಸು ಮುಂದುವರಿಯುತ್ತದೆ. ಇಲ್ಲದಿದ್ದರೆ ಬಣ್ಣದ ಡಬ್ಬಿ ಅಟ್ಟಕ್ಕೆ, ಹುಡುಗಿ ಲೆಕ್ಕದ ಟ್ಯೂಷನ್ನಿಗೆ. ನಮ್ಮ ಯಜಮಾನರ ತೀರ್ಮಾನ.

ಒಳಗೆ ಹೋದೆ. ಚಂದ್ರಿ ಹಿತ್ತಲ ಬಾಗಿಲಿಂದ ಬಂದು ರಾಗಿಮೂಟೆಗೆ ಒರಗಿ ಕೂತಿದ್ದಳು.

"ಉಷಾರಿರ್ನಿಲ್ವೇನೆ?"

"ಚೆನ್ನಾಗೇ ಇದ್ದೆ ಕಣವ್ವ."

"ಮತ್ತೆ? ಏನ್ ಬರಿಯಕ್ಕೆ ಕೊಟ್ಟಿದ್ರು?"

"ನಿಮ್ಮ ಮನೆಯ ಅಡುಗೆಮನೆ ಅಂತ."

"ಅದು ಬರ್ನಿಲ್ವಾ ನಿಂಗೆ?"

"ಅದ್ನ ಮೇಷ್ಟ್ರು ಯೋಳ್ಕೊಟ್ಟಿರ್ನಿಲ್ಲ."

ನಾನೂ ಅವಳ ಪಕ್ಕ ಕೂತೆ. ಹುಟ್ಟಿದಾಗಿನಿಂದ ಉಂಡ ಅಡುಗೆಮನೆ. ಹೊಗೆ ಹಿಡಿದ ಗೂಡು, ಒಂದು ಕಾಲಿಗೆ ಚಕ್ಕೆ ಕೊಟ್ಟು ನಿಲ್ಲಿಸಿದ ಗ್ಯಾಸ್ ಸ್ಟೌವಿನ ಮೇಜು, ಬೆನ್ನು ತೋರಿಸಿ ನಿಂತಿರುವ ನಾನು. ಇದನ್ನು ಹೇಳಿಕೊಡಲು ಮೇಷ್ಟ್ರು ಬೇಕೆ?

ಕೇಳುತ್ತಾ ಹೋದಂತೆ ವಿಷಯ ತಿಳಿಯಿತು. ಕಂಡದ್ದನ್ನು ನೆನಪಿನಿಂದ ಬರೆಯುವ ಒಂದು ಪೇಪರು ಇರುತ್ತದಂತೆ. ಅದಕ್ಕೆಂದು ಮೇಷ್ಟ್ರು ಮೂರು ಚಿತ್ರ ಕಲಿಸಿದ್ದಾರೆ. ಬಸ್ ಸ್ಟ್ಯಾಂಡು, ಸಂತೆ, ಊರ ಬಾವಿ. ತೆಂಗಿನಮರ ಎಡಕ್ಕೆ, ಹೆಂಗಸು ಬಲಕ್ಕೆ, ಮೂಲೆಯಲ್ಲಿ ಒಂದು ನಾಯಿ. ಅಷ್ಟನ್ನೂ ಬಾಯಿಪಾಠ ಮಾಡಿಸಿದಂತೆ ಕೈಪಾಠ ಮಾಡಿಸಿದ್ದಾರೆ. ಮಗ್ಗಿಗೆ ಸರಿ, ಶ್ಲೋಕಕ್ಕೆ ಸರಿ. ಚಿತ್ರಕ್ಕೂ ಉರು ಹೊಡೆಯುವುದು ಉಂಟೆ?

ಅಷ್ಟರಲ್ಲಿ ಒಳಗೆ ಬಂದ ರತ್ನಕ್ಕನ ಹಿಂದೆಯೇ ಅವಳ ಮಗ ಕುಮಾರ ಬಂದು ನಿಂತಿದ್ದ. ಅದೇ ಪರೀಕ್ಷೆಯಲ್ಲಿ ಅವನು ಪೂರ್ತಿ ಹಾಳೆ ತುಂಬಿಸಿ ಬಂದಿದ್ದನಂತೆ.

"ನೀನೆಂಗ್ ಬರದ್ಯಪ್ಪ ಅಡುಗೆಮನೆಯ?"

"ಬಾವಿ ಚಿತ್ರವೇ ಬರ್ದು, ಬಾವಿ ಇದ್ದ ಕಡೆ ಒಲೆ ಮಡಗ್ಬುಟ್ಟೆ ಚಿಕ್ಕಮ್ಮ."

"ತೆಂಗಿನಮರ?"

"ಅದು ಬರ್ದಾಗೋಗಿತ್ತು. ಸುತ್ತ ಒಂದ್ ಕಿಟಕಿ ಹಾಕ್ದೆ."

"ನಾಯಿ ಎಲ್ಲೋಯ್ತಲಾ?" ಅಂದಳು ರತ್ನಕ್ಕ.

"ಒಲೆ ಮುಂದೆ ಕುಂತದೆ. ಅದ್ಕೆ ಚಳಿ."

ನಗು ಬಂತು. ಆದರೆ ನೋಡಿ, ಆ ಇಡೀ ಹಾಳೆಯಲ್ಲಿ ಹುಡುಗನ ಸ್ವಂತದ್ದು ಅಂತ ಇದ್ದದ್ದು ಆ ಕಿಟಕಿಯೊಂದೇ. ಅದಕ್ಕೆ ಮಾರ್ಕ್ಸ್ ಬರುವುದಿಲ್ಲ.

"ನೀನೂ ಅಂಗೇ ಏನಾರ ಮಾಡ್ಬೌದಿತ್ತಲ್ಲೆ" ಅಂದೆ ಚಂದ್ರಿಗೆ. ಆಗ ಬಾಯಿಬಿಟ್ಟಳು. ಬಿಂಡಿಗನವಿಲೆಯಲ್ಲಿರುವ ನನ್ನ ತವರಿಗೆ ಹೋದಾಗಲೆಲ್ಲ ಕುರಿ ಮಂದೆ ದಾರಿಗೆ ಅಡ್ಡ ನಿಂತು ಬಸ್ಸು ನಿಲ್ಲಿಸುತ್ತದೆ. ಕ್ಲಾಸಿನಲ್ಲಿ ಇವಳು ಬಸ್ ಸ್ಟ್ಯಾಂಡಿನ ಚಿತ್ರದಲ್ಲಿ ಆ ಕುರಿಗಳನ್ನು ಬರೆದಳಂತೆ. ಮೇಷ್ಟ್ರು ಎಲ್ಲರ ಎದುರು ಹಾಳೆ ಎತ್ತಿ ಹಿಡಿದು, ನಾನು ಕಲಿಸಿದ ಚಿತ್ರದಲ್ಲಿ ಕುರಿ ಎಲ್ಲಿತ್ತು ಹೇಳು ಅಂದರಂತೆ. ರಬ್ಬರು ಕೊಟ್ಟು, ಇವಳೇ ಒಂದೊಂದೇ ಕುರಿ ಅಳಿಸುವಂತೆ ಮಾಡಿದರಂತೆ.

"ನಮ್ದು ಏನಾದ್ರೂ ಸೇರ್ಸುದ್ರೆ ತಪ್ಪು ಕಣವ್ವ" ಅಂದಳು. ನನಗೇ ಬುದ್ಧಿ ಹೇಳುವಂತೆ.

ಮಾರನೆಯ ದಿನ ಸ್ಕೂಲಿಗೆ ಹೋದೆ. ಜಗಳಕ್ಕೇ ಹೋಗಿದ್ದೆ, ಸುಳ್ಳು ಯಾಕೆ. ಮೇಷ್ಟ್ರು ಎದ್ದು ನಿಂತು ಕುರ್ಚಿ ಕೊಟ್ಟರು. ಒಳ್ಳೆಯ ಮನುಷ್ಯ. ಅದೇ ಕಷ್ಟ.

"ನೋಡೀಮ್ಮ, ಇವತ್ತು ಕುರಿ ಬಿಟ್ರೆ ನಾಳೆ ಇನ್ನೊಬ್ಬ ಒಂಟೆ ಬರೀತಾನೆ. ಅರವತ್ತು ಮಕ್ಕಳನ್ನ ಪಾಸ್ ಮಾಡಿಸೋದು ಹೆಂಗೆ ಹೇಳಿ? ಮಗೂನ ಕ್ಲಾಸಿಗೆ ಸೇರಿಸೋಕೆ ಬಂದಾಗ ನಿಮ್ಮ ಯಜಮಾನರು ಏನ್ ಕೇಳಿದ್ರು ಗೊತ್ತಾ?"

"ಏನು?"

"ಪಾಸ್ ಗ್ಯಾರಂಟಿನಾ ಅಂತ. ಎಲ್ಲಾ ತಂದೆತಾಯೀನೂ ಅದ್ನೇ ಕೇಳೋದು. ಮಗು ಏನ್ ಬರೀತದೆ ಅಂತ ಇದುವರೆಗೂ ಒಬ್ರೂ ಕೇಳಿಲ್ಲ."

ಕುರ್ಚಿಯಿಂದೆದ್ದು ಮನೆ ಕಡೆ ಹೊರಟೆ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಮಗುವಿನ ಕೈಗೆ ರಬ್ಬರು ಕೊಟ್ಟವರು ಮೇಷ್ಟ್ರು. ಆದರೆ ಪಾಸಿಗೆ ಗ್ಯಾರಂಟಿ ಕೇಳಿದವರು ಯಾರು? ಇನ್ನು ಕೆ.ಆರ್. ಪೇಟೆ, ನಾಗಮಂಗಲದ ಕ್ಲಾಸುಗಳಲ್ಲಿ ಬೇರೆ ಥರ ಇದ್ದೀತೆಂದು ಹೇಳಲು ನನಗಂತೂ ಧೈರ್ಯವಿಲ್ಲ.

ಸಮಾಧಾನಕ್ಕೆ ಎಣಿಸಿಕೊಳ್ಳಲು ನಿಮಿಷಾಂಬೆ ಇಷ್ಟಾದರೂ ಉಳಿಸಿದ್ದಾಳೆ. ಮಗು ಪಕ್ಕದವರದ್ದು ನೋಡಿ ಬರೆಯಲಿಲ್ಲ. ಸುಳ್ಳು ಹೇಳಲಿಲ್ಲ. ಬಸ್ಸಿಳಿದು ಬೇರೆಲ್ಲೂ ಹೋಗದೆ ನೇರವಾಗಿ ಮನೆಗೇ ಬಂದಳು.

ಸಂಜೆ ಯಜಮಾನರು ಬಂದರು. ವಿಷಯ ತಿಳಿಯಿತು. "ಖಾಲಿ ಪೇಪರ್ಗೆ ರಿಸಲ್ಟ್ ಬೇರೆ ಕಾಯ್ಬೇಕಾ? ಆ ಡಬ್ಬಿ ಅಟ್ಟಕ್ಕಾಕು ಅತ್ಲಾಗೆ" ಅಂದರು.

ನಾನು ಡಬ್ಬಿಯನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ, ನಿಮಿಷಾಂಬೆಯ ಫೋಟೋ ಪಕ್ಕ ಇಟ್ಟೆ. ಅಲ್ಲಿಂದ ಏನನ್ನಾದರೂ ಎತ್ತಿಹಾಕುವ ಧೈರ್ಯ ಅವರಿಗಿಲ್ಲ. ಒಂದು ಸಲ ನೋಡಿ, ಕೈಕಾಲು ತೊಳೆಯಲು ಹೋದರು.

ಆಮೇಲೆ ಚಂದ್ರಿಯನ್ನು ಅಡುಗೆಮನೆಗೆ ಕರೆದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿ ತಿರುಗಿಸಿ ಕೊಟ್ಟೆ. "ಬರಿ. ಮಾರ್ಕ್ಸ್ ಆಕೋರು ಯಾರೂ ಇಲ್ಲ ಇಲ್ಲಿ." ಬಾಗಿಲಿಗೆ ಒರಗಿ ಕೂತಳು. ಒಂದು ಗೆರೆ ಎಳೆದಳು. ನಿಲ್ಲಿಸಿದಳು. ನನ್ನ ಕಡೆ ನೋಡಿದಳು.

"ಅವ್ವ, ಬೆಕ್ಕು ಆಕ್ಬೌದಾ?"

ಬೆಕ್ಕು ಅವಳ ತೊಡೆಗೆ ತಾಗಿಕೊಂಡೇ ಮಲಗಿತ್ತು.

ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಕೊತಕೊತ ಕುದಿಯುತ್ತಿತ್ತು. ರಾಗಿಹಿಟ್ಟು ಹಾಕಿ ಕೋಲು ತೆಗೆದುಕೊಂಡೆ. ತಿರುವುತ್ತಾ ತಿರುವುತ್ತಾ ಒಂದೇ ಯೋಚನೆ. ಕಣ್ಣೆದುರು ಮಲಗಿರುವ ಬೆಕ್ಕಿಗೂ ಪರ್ಮಿಷನ್ ಕೇಳಬೇಕೆಂದು ಈ ಮಗುವಿಗೆ ನಾವು ಯಾವ ಕ್ಲಾಸಿನಲ್ಲಿ ಕಲಿಸಿದೆವು?